ಟಿ ಬಿಟ್ಟವರು, ಎಲ್ ಸೇರಿಸಿದವರು

(ಇತಿಹಾಸಾಸಕ್ತರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಗ್ಲಿಷರ ಒಂದೇ ಒಂದು ಅಡ್ಡಹೆಸರಿನ ಕಾಗುಣಿತದ ಬಗ್ಗೆ ಮಾತನಾಡುತ್ತೇನೆ ಎಂದಾಗ ಸಂಘಟಕರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಅವರ ಅನುಮಾನ ತಪ್ಪಲ್ಲ. ಹಾಗಾಗಿ ನೀವೆಲ್ಲ ಬಲ್ಲ ಜಾಗದಿಂದಲೇ ಶುರು ಮಾಡುತ್ತೇನೆ.

ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿ ಕಲ್ಲಿನ ಕಂಬ, ಕಲ್ಲಿನ ತೊಲೆಗಳ ಹಳೆಯ ಸೇತುವೆಯೊಂದಿದೆ. ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ 1804ರಲ್ಲಿ ಆದದ್ದು. ಹೆಸರು ವೆಲ್ಲೆಸ್ಲಿ ಸೇತುವೆ. ಇನ್ನೊಂದು, ಒಂದು ಪುಸ್ತಕ. 1849ರಲ್ಲಿ ಬೆಂಗಳೂರಿನಲ್ಲಿ ಭಗವದ್ಗೀತೆ ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಒಟ್ಟಿಗೆ ಅಚ್ಚಾಯಿತು. ಸಿದ್ಧಪಡಿಸಿದವರು ಜಾನ್ ಗ್ಯಾರೆಟ್ ಎಂಬ ಪಾದ್ರಿ. ಅಚ್ಚು ಹಾಕಿದ್ದು ವೆಸ್ಲಿಯನ್ ಮಿಷನ್ ಪ್ರೆಸ್. ಒಂದು ಕಡೆ ವೆಲ್ಲೆಸ್ಲಿ, ಇನ್ನೊಂದು ಕಡೆ ವೆಸ್ಲಿ. ಒಂದು ಮೈಸೂರನ್ನು ಗೆದ್ದವರ ಹೆಸರು, ಇನ್ನೊಂದು ಮೆಥಡಿಸ್ಟ್ ಪಂಥವನ್ನು ಕಟ್ಟಿದವರ ಹೆಸರು. ನಮಗೆ ಇವು ಬೇರೆ ಬೇರೆ ಲೋಕದ ಮಾತುಗಳು. ಆದರೆ ಸೇತುವೆಯ ಕಡೆಯ ಮನೆತನದವರು 18ನೇ ಶತಮಾನದ ಬಹುಭಾಗ ತಮ್ಮ ಹೆಸರನ್ನು ಥೇಟ್ ಪ್ರೆಸ್ಸಿನ ಕಡೆಯವರಂತೆ ವೆಸ್ಲಿ ಎಂದೇ ಬರೆದುಕೊಳ್ಳುತ್ತಿದ್ದರು. ಪ್ರೆಸ್ಸಿನ ಕಡೆಯವರೋ, ಅದಕ್ಕೂ ಹಿಂದೆ, ನಡುವೆ ಒಂದು ಟಿ ಸೇರಿಸಿ ವೆಸ್ಟ್ಲಿ ಎಂದು ಬರೆಯುತ್ತಿದ್ದರು. ಅಂದರೆ ಒಂದು ಮನೆತನ ಅಕ್ಷರ ಕಳೆದುಕೊಂಡಿತು, ಇನ್ನೊಂದು ಅಕ್ಷರ ಗಳಿಸಿಕೊಂಡಿತು. ನಡುವೆ ಒಂದಷ್ಟು ಕಾಲ ಎರಡೂ ಒಂದೇ ಕಾಗುಣಿತದ ಸೂರಿನಡಿ ಇದ್ದವು.

ಇಂಗ್ಲಿಷ್ ಹೆಸರುಗಳ ಕಾಗುಣಿತ ಹಿಂದೆ ಹೇಗೆ ಬೇಕೋ ಹಾಗಿತ್ತು, ಜನರಿಗೆ ಅಕ್ಷರ ಬರುತ್ತಿರಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಶೇಕ್ಸ್‌ಪಿಯರನಿಗೆ ಅಕ್ಷರ ಬರುತ್ತಿರಲಿಲ್ಲ ಎನ್ನುವುದಕ್ಕೆ ಯಾರಿಗೂ ಧೈರ್ಯವಿಲ್ಲವಲ್ಲ. ಉಳಿದರ್ಧದ ಬಗ್ಗೆ ನನ್ನ ವಾದ ಇಷ್ಟು: ಒಂದು ಕಾಲದವರೆಗೆ ಅಕ್ಷರ ಬದಲಾದದ್ದು ಬರೆಯುವ ಗುಮಾಸ್ತನ ಕಿವಿಯಿಂದ, ಆಮೇಲೆ ಬದಲಾದದ್ದು ಹೆಸರಿನ ಒಡೆಯನ ಲೆಕ್ಕಾಚಾರದಿಂದ. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಮೊದಲು ಹೆಸರಿನ ಬೇರು. ಇಂಗ್ಲೆಂಡಿನ ನೈಋತ್ಯದಲ್ಲಿ ಸಾಮರ್ಸೆಟ್ ಎಂಬ ಸೀಮೆ. ಅಲ್ಲಿ ವೆಲ್ಸ್ ಎಂಬ ಪುಟ್ಟ ಊರು; ಬುಗ್ಗೆಗಳಿಂದ ಆ ಹೆಸರು, ದೊಡ್ಡ ಕ್ಯಾಥೆಡ್ರಲ್‌ನಿಂದ ಪ್ರಸಿದ್ಧಿ. ಆ ಊರಿನ ಹತ್ತಿರದ ಒಂದು ಜಾಗ ವೆಲ್ಲೆಸ್ಲಿ. ಕೊನೆಯ 'ಲಿ' ಹಳೆಯ ಇಂಗ್ಲಿಷಿನ 'ಲೇಆ' ಎಂಬ ಪದ. ಕಾಡು ಎಂದೂ ಅರ್ಥ, ಕಾಡು ಕಡಿದು ಮಾಡಿದ ಬಯಲು ಎಂದೂ ಅರ್ಥ. ನಮ್ಮಲ್ಲಿ ಹಳ್ಳಿ, ಗೆರೆ, ಪುರಗಳು ಊರ ಹೆಸರಿನ ಬಾಲಕ್ಕೆ ಅಂಟಿಕೊಂಡಂತೆ ಅಲ್ಲಿ ಇದು. ವೆಲ್ಸ್‌ನವರ ಕಾಡು, ವೆಲ್ಲೆಸ್ಲಿ. ವೆಸ್ಟ್ಲಿಯ ಕಥೆ ಬೇರೆ: ವೆಸ್ಟ್ ಎಂದರೆ ಪಡುವಣ, ಪಡುವಣ ಬಯಲು. ಆ ಹೆಸರಿನ ಊರುಗಳು ಸಫೋಕ್, ಡೆವನ್ ಸೀಮೆಗಳಲ್ಲಿ ಈಗಲೂ ಇವೆ. ಹೀಗೆ ಮೂಲದಲ್ಲಿ ಎರಡು ಹೆಸರುಗಳು, ಎರಡು ಅರ್ಥಗಳು. ಬೆಟಗೇರಿಯವರು ಬೆಟಗೇರಿ ಆದಂತೆ ಅಲ್ಲಿಂದ ಬಂದವರು ಆ ಹೆಸರಿನವರಾದರು.

ಈ 'ಲಿ' ಎಂಬ ಬಾಲ ಇದೆಯಲ್ಲ, ಇಂಗ್ಲಿಷ್ ಕಾಗುಣಿತದ ಅರಾಜಕತೆಯನ್ನು ನೋಡಲು ಇದಕ್ಕಿಂತ ಒಳ್ಳೆಯ ಕಿಂಡಿ ಇಲ್ಲ. ಎಲ್-ಇ-ವೈ, ಎಲ್-ಇ-ಐ-ಜಿ-ಎಚ್, ಎಲ್-ಇ-ಜಿ-ಎಚ್, ಎಲ್-ಇ-ಎ, ಡಬಲ್ ಇ ಹಾಕಿದ ಲೀ, ಎಲ್ಲವೂ ಒಂದೇ ಪದ. ಎಲಿಜಬೆತ್ ರಾಣಿಯ ಕಾಲದ ನಾವಿಕ ವಾಲ್ಟರ್ ರಾಲಿ ಗೊತ್ತಲ್ಲ? ಅವನ ಹೆಸರಿನಲ್ಲೂ ಇರುವುದು ಇದೇ ಬಾಲ. ಅವನು ಮೊದಮೊದಲು ಬೇರೆ ಬೇರೆ ರೀತಿ ಸಹಿ ಮಾಡಿ, 1584ರ ಹೊತ್ತಿಗೆ ಆರ್-ಎ-ಎಲ್-ಇ-ಜಿ-ಎಚ್ ಎಂಬ ರೂಪಕ್ಕೆ ನೆಲೆ ನಿಂತ. ನಾವು ಇಂದು ಶಾಲಾ ಪುಸ್ತಕದಲ್ಲಿ ಓದುವ, ನಡುವೆ ಐ ಇರುವ ರೂಪ ಅವನ ಉಳಿದಿರುವ ಸಹಿಗಳಲ್ಲಿ ಒಮ್ಮೆಯೂ ಇಲ್ಲ. ಸೈಕಲ್ಲಿನ ಮೇಲೂ ನಮಗೆ ಪರಿಚಯವಾದದ್ದು ಆ ಐ ಇರುವ ಹೆಸರೇ.

ಹೆಸರುಗಳನ್ನು ಬರೆಯುತ್ತಿದ್ದವರು ಯಾರು? 1538ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಚರ್ಚಿನಲ್ಲೂ ದೀಕ್ಷಾಸ್ನಾನ, ಮದುವೆ, ಮಣ್ಣುಗಳ ದಾಖಲೆ ಇಡಬೇಕೆಂದು ಆಜ್ಞೆ ಮಾಡಿಸಿದ. ಅಲ್ಲಿಂದ ಮುಂದೆ ಸಾಮಾನ್ಯನ ಹೆಸರು ಬರಹಕ್ಕೆ ಇಳಿಯಿತು. ಆದರೆ ಇಳಿಸಿದವನು ಪಾದ್ರಿ ಅಥವಾ ಅವನ ಗುಮಾಸ್ತ, ನಮ್ಮ ಶಾನುಭೋಗನ ಹಾಗೆ. ರೈತ ಬಂದು ಹೆಸರು ಹೇಳುತ್ತಾನೆ, ಇವನು ಕಿವಿಗೆ ಬಿದ್ದಂತೆ ಬರೆಯುತ್ತಾನೆ. ಇಂಥದೇ ಸರಿ ಎಂದು ಹೇಳುವ ನಿಘಂಟು ಇಲ್ಲ, ಕೇಳುವ ಕಚೇರಿ ಇಲ್ಲ. 1582ರ ನವೆಂಬರ್ 27ರಂದು ವುಸ್ಟರ್ ಬಿಷಪ್ಪನ ದಫ್ತರದಲ್ಲಿ ಒಂದು ಮದುವೆಯ ಪರವಾನಗಿ ನಮೂದಾಯಿತು. ವರನ ಹೆಸರು ವಿಲಿಯಂ ಶ್ಯಾಕ್ಸ್‌ಪಿಯರ್, ಎಕ್ಸ್ ಅಕ್ಷರ ಹಾಕಿ. ಮರುದಿನ ಅದೇ ಮದುವೆಗೆ ಜಾಮೀನು ಪತ್ರ ಬರೆದರು. ಅಲ್ಲಿ ಅವನು ಶ್ಯಾಗ್‌ಸ್ಪಿಯರ್, ಜಿ ಅಕ್ಷರ ಹಾಕಿ. ಒಂದೇ ರಾತ್ರಿಯಲ್ಲಿ ಮಹಾಕವಿ ಎಕ್ಸ್‌ನಿಂದ ಜಿಗೆ ಬಂದ. ವಧುವಿನ ಗತಿ ಇನ್ನೂ ಕಷ್ಟ: ಮೊದಲ ದಿನ ಆ್ಯನ್ ವೇಟ್ಲಿ, ಎರಡನೆಯ ದಿನ ಆ್ಯನ್ ಹ್ಯಾಥ್‌ವೇ. ಇವರು ಇಬ್ಬರು ಬೇರೆ ಹುಡುಗಿಯರೆಂದು ಪ್ರೇಮಕಥೆ ಹೊಸೆದವರೂ ಇದ್ದಾರೆ. ನನಗೆ ಅದರಲ್ಲಿ ಕಾಣುವುದು ಪ್ರೇಮವಲ್ಲ, ಗುಮಾಸ್ತನ ಆಕಳಿಕೆ. ಶೇಕ್ಸ್‌ಪಿಯರ್ ತಾನೇ ಹಾಕಿದ, ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ಆರು ಸಹಿಗಳು ಉಳಿದಿವೆ. ಅವುಗಳಲ್ಲೂ ಕಾಗುಣಿತ ಒಂದೇ ಇಲ್ಲ. ನಾವು ಇಂದು ಬರೆಯುವ ರೂಪ ಆ ಆರರಲ್ಲಿ ಯಾವುದರಲ್ಲೂ ಇಲ್ಲ. ಅದು ಅಚ್ಚುಮನೆಯಿಂದ ಬಂದದ್ದು.

ಇರಲಿ, ಶೇಕ್ಸ್‌ಪಿಯರ್ ಸಿಕ್ಕಿದರೆ ಬಿಡುವುದು ಕಷ್ಟ. ನಮ್ಮ ಹೆಸರಿಗೆ ಬರೋಣ.

ವೆಸ್ಟ್ಲಿಯಲ್ಲಿರುವ ಟಿ ಬಾಯಲ್ಲಿ ನಿಲ್ಲುವುದಿಲ್ಲ. ಇಂಗ್ಲಿಷಿನಲ್ಲಿ ಎಸ್ ಮತ್ತು ಎಲ್ ನಡುವೆ ಸಿಕ್ಕಿಕೊಂಡ ಟಿಯ ಹಣೆಬರಹವೇ ಹಾಗೆ. ಕ್ಯಾಸಲ್, ವಿಸಲ್ ಪದಗಳನ್ನು ನೋಡಿ: ಬರೆಯುವಾಗ ಟಿ ಇದೆ, ಹೇಳುವಾಗ ಇಲ್ಲ. ಆದ್ದರಿಂದ ವೆಸ್ಟ್ಲಿ ಎಂದು ಬರೆದರೂ ವೆಸ್ಲಿ ಎಂದು ಬರೆದರೂ ಕಿವಿಗೆ ಒಂದೇ. ಇತ್ತ ವೆಲ್ಲೆಸ್ಲಿಯಲ್ಲೂ ನಡುವಿನ ಸ್ವರ ಸವೆದು ವೆಲ್ಸ್‌ಲಿ ಆಗಿ, ಆಮೇಲೆ ಮೊದಲಿನ ಎಲ್ ಕೂಡ ಉದುರಿ ವೆಸ್ಲಿ ಆಯಿತು. ಪಡುವಣ ಬಯಲೂ ವೆಲ್ಸ್‌ನವರ ಕಾಡೂ ಹೀಗೆ ಒಂದೇ ಉಚ್ಚಾರದಲ್ಲಿ ಬಂದು ಕೂಡಿದವು. ಎರಡು ಹಳ್ಳ ಸೇರಿದ ಮೇಲೆ ಯಾವ ನೀರು ಯಾವುದು ಎಂದು ಕೇಳಿದರೆ ಏನು ಹೇಳುವುದು? ಸಾಲದ್ದಕ್ಕೆ ಆಗಿನ ಬರಹದಲ್ಲಿ ಪದದ ನಡುವಿನ ಎಸ್ ಅಕ್ಷರವನ್ನು ಉದ್ದಕ್ಕೆ, ಹೆಚ್ಚುಕಡಿಮೆ ಎಫ್‌ನಂತೆ ಎಳೆಯುತ್ತಿದ್ದರು. ಹಳೆಯ ಪುಟಗಳನ್ನು ಕಂಪ್ಯೂಟರಿನಿಂದ ಓದಿಸಿದರೆ ವೆಸ್ಲಿ ಹೋಗಿ ವೆಫ್ಲಿ ಆಗಿ ಕೂರುವುದೂ ಉಂಟು.

ಈಗ ಟಿ ಬಿಟ್ಟವರ ಮನೆಗೆ ಹೋಗೋಣ. 1651ರ ಸೆಪ್ಟೆಂಬರ್. ವುಸ್ಟರ್ ಯುದ್ಧದಲ್ಲಿ ಸೋತ ಎರಡನೇ ಚಾರ್ಲ್ಸ್ ತಲೆಮರೆಸಿಕೊಂಡು ಓಡುತ್ತಿದ್ದಾನೆ. ಡಾರ್ಸೆಟ್ ಸೀಮೆಯ ಕಡಲತೀರದ ಚಾರ್ಮತ್ ಎಂಬ ಹಳ್ಳಿಯ ಛತ್ರದಲ್ಲಿ ರಾತ್ರಿ ಕಳೆದ. ಫ್ರಾನ್ಸಿಗೆ ಒಯ್ಯಬೇಕಿದ್ದ ದೋಣಿ ಬರಲಿಲ್ಲ. ಬೆಳಿಗ್ಗೆ ಅವನ ಕಡೆಯವರ ಕುದುರೆಯೊಂದಕ್ಕೆ ಲಾಳ ಬಡಿಯಲು ಕಮ್ಮಾರನನ್ನು ಕರೆದರು. ಕಮ್ಮಾರ ಗೊರಸು ಎತ್ತಿ ನೋಡಿದವನೇ, ಈ ಲಾಳಗಳನ್ನು ಬೇರೆ ಬೇರೆ ಸೀಮೆಗಳಲ್ಲಿ ಬಡಿದಿದ್ದಾರೆ, ಒಂದು ವುಸ್ಟರ್ ಕಡೆಯದು ಎಂದ. ಕುದುರೆ ನೋಡಿಕೊಳ್ಳುತ್ತಿದ್ದ ಆಳಿಗೆ ಅನುಮಾನ ಬಂತು. ಅವನು ಊರ ಪಾದ್ರಿಯ ಬಳಿಗೆ ಓಡಿದ. ಪಾದ್ರಿ ಬೆಳಗಿನ ಪ್ರಾರ್ಥನೆಯಲ್ಲಿದ್ದ. ಪ್ರಾರ್ಥನೆ ಮುಗಿಯುವಷ್ಟರಲ್ಲಿ ರಾಜ ಊರು ದಾಟಿದ್ದ. ಆ ಪಾದ್ರಿಯೇ ಬಾರ್ತಲೊಮ್ಯು ವೆಸ್ಟ್ಲಿ. ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿಯ ಮುತ್ತಜ್ಜ. ಈ ಪ್ರಸಂಗವನ್ನು ಬರೆದವರಲ್ಲಿ ಟಿ ಹಾಕಿದವರೂ ಇದ್ದಾರೆ, ಹಾಕದವರೂ ಇದ್ದಾರೆ. ಒಂದು ಲಾಳದಿಂದ ಊರು ಗುರುತಿಸಿದ ಆ ಕಮ್ಮಾರನ ಕಣ್ಣು ಹೆಸರು ಬರೆಯುವವರಿಗೆ ಇದ್ದಿದ್ದರೆ ಇಂದು ನನಗೆ ಇಷ್ಟು ಕೆಲಸವಿರುತ್ತಿರಲಿಲ್ಲ.

ಬಾರ್ತಲೊಮ್ಯುವಿನ ಮಗ ಜಾನ್ ವೆಸ್ಟ್ಲಿಯೂ ಪಾದ್ರಿ. ರಾಜ ಮರಳಿ ಪಟ್ಟಕ್ಕೆ ಬಂದ ಮೇಲೆ 1662ರಲ್ಲಿ ಬಂದ ಕಾನೂನು ಇಂಗ್ಲೆಂಡ್ ಚರ್ಚಿನ ಪ್ರಾರ್ಥನಾ ಪುಸ್ತಕವನ್ನು ಒಪ್ಪದ ಪಾದ್ರಿಗಳನ್ನು ಹೊರಗೆ ಹಾಕಿತು. ಅಪ್ಪ, ಮಗ ಇಬ್ಬರೂ ಕೆಲಸ ಕಳೆದುಕೊಂಡರು. ಅದೇ 1662ರಲ್ಲಿ ಈ ಜಾನ್‌ನಿಗೆ ಹುಟ್ಟಿದವನು ಸ್ಯಾಮ್ಯುಯೆಲ್. ಈ ಹುಡುಗ ಭಿನ್ನಮತೀಯರ ಶಾಲೆಗಳಲ್ಲಿ ಓದಿ, ಬೆಳೆದ ಮೇಲೆ ಮನಸ್ಸು ಬದಲಿಸಿ, ತನ್ನ ಅಪ್ಪ ಅಜ್ಜಂದಿರನ್ನು ಹೊರಹಾಕಿದ ಅದೇ ಚರ್ಚಿಗೆ ಸೇರಲು ನಿರ್ಧರಿಸಿದ. 1683ರಲ್ಲಿ ಆಕ್ಸ್‌ಫರ್ಡಿಗೆ ನಡೆದೇ ಹೋದ. ಎಕ್ಸಿಟರ್ ಕಾಲೇಜಿನಲ್ಲಿ, ಶ್ರೀಮಂತ ವಿದ್ಯಾರ್ಥಿಗಳ ಸೇವೆ ಮಾಡಿಕೊಂಡು ಓದುವ ಬಡ ವಿದ್ಯಾರ್ಥಿಯಾಗಿ ಸೇರಿದ. ಅಲ್ಲಿನ ದಾಖಲೆಯಲ್ಲಿ ಅವನು ಟಿ ಇರುವ ವೆಸ್ಟ್ಲಿ. ಹೊರಗೆ ಬಂದು ಪಾದ್ರಿಯಾಗಿ, ಕವಿಯಾಗಿ ಹೆಸರು ಮಾಡುವಾಗ ಟಿ ಇಲ್ಲದ ವೆಸ್ಲಿ. ಲಿಂಕನ್‌ಶೈರಿನ ಎಪ್‌ವರ್ತ್ ಎಂಬ ಜೌಗು ನಾಡಿನ ಊರಿನಲ್ಲಿ ಅವನು ಪಾದ್ರಿಯಾಗಿದ್ದಾಗ ಹುಟ್ಟಿದವರೇ 1703ರಲ್ಲಿ ಜಾನ್, 1707ರಲ್ಲಿ ಚಾರ್ಲ್ಸ್.

ಅಪ್ಪನ ಪಂಥ ಬಿಟ್ಟವನು ಅಪ್ಪನ ಅಕ್ಷರವನ್ನೂ ಬಿಟ್ಟ ಎಂದು ಹೇಳಿದರೆ ಮಾತು ಚೆನ್ನಾಗಿರುತ್ತದೆ; ಅಷ್ಟು ಚೆನ್ನಾಗಿರುವ ಮಾತನ್ನು ನಾನು ನಂಬುವುದಿಲ್ಲ. ಆದರೆ ಕಾಲೇಜಿನಿಂದ ಹೊರಬಂದು ಅಚ್ಚಿಗೆ ಹೆಸರು ಕೊಡುವ ಮನುಷ್ಯ ತನ್ನ ಹೆಸರಿನ ಒಂದೊಂದು ಅಕ್ಷರವನ್ನೂ ನೋಡಿಕೊಳ್ಳುತ್ತಾನೆ ಎಂಬುದಂತೂ ನಿಜ. ಇಲ್ಲಿಗೆ ಗುಮಾಸ್ತನ ಕೈ ಮುಗಿಯಿತು, ಒಡೆಯನ ಕೈ ಶುರುವಾಯಿತು. ಲೋಕ ಮಾತ್ರ ಅಷ್ಟು ಬೇಗ ಟಿಯನ್ನು ಬಿಡಲಿಲ್ಲ. ಐವತ್ತು ವರ್ಷಗಳ ಮೇಲೂ ಜಾನ್ ವೆಸ್ಲಿಯನ್ನು ಬೈದು ಬರೆದ ಕರಪತ್ರಗಳಲ್ಲಿ 'ಮಿಸ್ಟರ್ ವೆಸ್ಟ್ಲಿ' ಸಿಗುತ್ತಾನೆ. ಬೈಯುವವರು ಕಾಗುಣಿತ ನೋಡುವುದಿಲ್ಲ, ಅದು ಅಂದಿಗೂ ಇಂದಿಗೂ.

ಇನ್ನು ಎಲ್ ಸೇರಿಸಿದವರು. ಸಾಮರ್ಸೆಟ್‌ನಿಂದ ಹೊರಟ ವೆಲ್ಲೆಸ್ಲಿಗಳ ಒಂದು ಕವಲು ಮಧ್ಯಯುಗದಲ್ಲೇ ಐರ್ಲೆಂಡಿಗೆ ಹೋಗಿ ನೆಲೆಸಿತ್ತು. 13ನೇ ಶತಮಾನದಲ್ಲಿ ಅಲ್ಲಿ ನ್ಯಾಯಾಧೀಶನಾಗಿದ್ದ ವಾಲೆರಾನ್ ದ ವೆಲ್ಲೆಸ್ಲಿ ಆ ಕವಲಿನವನು; 1539ರಲ್ಲಿ ತೀರಿಕೊಂಡ ಕಿಲ್ಡೇರಿನ ಬಿಷಪ್ ವಾಲ್ಟರ್ ವೆಲ್ಲೆಸ್ಲಿಯೂ ಅದೇ ಹೆಸರಿನವನು. ಕಾಲ ಕಳೆದಂತೆ ಹೆಸರು ನಾನು ಆಗಲೇ ಹೇಳಿದಂತೆ ಸವೆಯಿತು. 18ನೇ ಶತಮಾನದ ಆರಂಭಕ್ಕೆ ಮೀತ್ ಸೀಮೆಯ ಡಂಗನ್ ಎಂಬಲ್ಲಿ ದೊಡ್ಡ ಆಸ್ತಿ, ಒಡೆಯ ಗ್ಯಾರೆಟ್ ವೆಸ್ಲಿ. ಮಕ್ಕಳಿಲ್ಲ.

ಇಲ್ಲಿ ಎರಡು ಮನೆತನಗಳು ಒಂದನ್ನೊಂದು ಮುಟ್ಟುತ್ತವೆ, ಮುಟ್ಟಿಸಿದ್ದು ಕಾಗುಣಿತ. ಮಕ್ಕಳಿಲ್ಲದ ಗ್ಯಾರೆಟ್, ತನ್ನದೇ ಹೆಸರಿನ ಹುಡುಗನೊಬ್ಬ ವಾರಸುದಾರನಾಗಿ ಸಿಗುತ್ತಾನೆಯೇ ಎಂದು ಹುಡುಕಿದ. ಎಪ್‌ವರ್ತ್‌ನ ಪಾದ್ರಿ ಸ್ಯಾಮ್ಯುಯೆಲ್‌ಗೆ ಪತ್ರ ಬರೆದು, ನಿಮಗೆ ಚಾರ್ಲ್ಸ್ ಎಂಬ ಮಗನಿದ್ದಾನೆಯೇ ಎಂದು ವಿಚಾರಿಸಿದ. ಚಾರ್ಲ್ಸ್ ಆಗ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿದ್ದ. ಕೆಲವು ವರ್ಷ ಅವನ ಓದಿನ ಖರ್ಚು ಐರ್ಲೆಂಡಿನಿಂದ ಬಂತು. ಆಮೇಲೆ, ಐರ್ಲೆಂಡಿಗೆ ಬಂದು ತನ್ನ ಮನೆಯಲ್ಲೇ ಇರು ಎಂಬ ಆಹ್ವಾನವೂ ಬಂತು. ಅಪ್ಪ ನಿರ್ಧಾರವನ್ನು ಹುಡುಗನಿಗೇ ಬಿಟ್ಟ. ಹುಡುಗ ಒಲ್ಲೆ ಎಂದ. ಆಕ್ಸ್‌ಫರ್ಡಿಗೆ ಹೋದ, ಸಾವಿರಾರು ಭಕ್ತಿಗೀತೆಗಳನ್ನು ಬರೆದ. ಎಷ್ಟೋ ದಶಕಗಳ ನಂತರ ಅಣ್ಣ ಜಾನ್ ಆ ನಿರಾಕರಣೆಯನ್ನು ನೆನೆದು, ತಮ್ಮ ಸರಿಯಾಗಿ ತಪ್ಪಿಸಿಕೊಂಡ ಎಂಬರ್ಥದ ಮಾತು ಬರೆದಿಟ್ಟ. ಈ ಎರಡು ಮನೆಗಳ ನಡುವೆ ರಕ್ತಸಂಬಂಧವಿತ್ತೆಂಬುದು ಸಾಬೀತಾಗಿಲ್ಲ. ಹೆಸರಿನಲ್ಲಿ ಟಿ ಉಳಿದಿದ್ದರೆ ಡಂಗನ್‌ನ ಆ ಮುದುಕ ಎಪ್‌ವರ್ತ್ ಕಡೆಗೆ ತಿರುಗಿ ನೋಡುತ್ತಿದ್ದನೇ ಎಂದು ನಾನು ಆಗಾಗ ಯೋಚಿಸುತ್ತೇನೆ.

ಚಾರ್ಲ್ಸ್ ಬಿಟ್ಟ ಎಲೆಗೆ ರಿಚರ್ಡ್ ಕಾಲಿ ಕುಳಿತ. ಕಾಲಿ ಎನ್ನುವುದು ಅವನ ಅಡ್ಡಹೆಸರು; ಗ್ಯಾರೆಟ್‌ನಿಗೆ ತಾಯಿಯ ಕಡೆಯ ಸಂಬಂಧಿ. 1728ರಲ್ಲಿ ಗ್ಯಾರೆಟ್ ತೀರಿಕೊಂಡಾಗ ಆಸ್ತಿಯೂ ಬಂತು, ಆಸ್ತಿಯ ಜೊತೆಗೆ ಹೆಸರೂ ಬಂತು. ರಿಚರ್ಡ್ ಕಾಲಿ ರಿಚರ್ಡ್ ವೆಸ್ಲಿ ಆದ. ಆಗಿನ ಇಂಗ್ಲಿಷ್ ಸಮಾಜದಲ್ಲಿ ಇದು ಹೊಸದಲ್ಲ. ಜಮೀನು ಬೇಕಾದರೆ ಹೆಸರು ಹೊರಬೇಕು, ದತ್ತು ಹೋದವನ ಗೋತ್ರ ಬದಲಾದ ಹಾಗೆ. 1746ರಲ್ಲಿ ಅವನು ಬ್ಯಾರನ್ ಮಾರ್ನಿಂಗ್ಟನ್ ಆದ. ಅವನ ಮಗ ಇನ್ನೊಬ್ಬ ಗ್ಯಾರೆಟ್ ವೆಸ್ಲಿ, ಅರ್ಲ್ ಆಫ್ ಮಾರ್ನಿಂಗ್ಟನ್, ಸಂಗೀತಗಾರ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಮೊದಲ ಸಂಗೀತ ಪ್ರಾಧ್ಯಾಪಕ. ಈ ಗ್ಯಾರೆಟ್ ಲಂಡನ್ನಿನಲ್ಲಿದ್ದಾಗ ಚಾರ್ಲ್ಸ್ ವೆಸ್ಲಿಯ ಮನೆಗೆ ಬರುತ್ತಿದ್ದ. ಚಾರ್ಲ್ಸ್‌ನ ಇಬ್ಬರು ಗಂಡುಮಕ್ಕಳು ಸಂಗೀತದಲ್ಲಿ ಬಾಲಪ್ರತಿಭೆಗಳು. ಅರ್ಲ್ ಸಾಹೇಬ ಪಿಟೀಲನ್ನು ಕೋಟಿನಡಿ ಹಿಡಿದು ಬೀದಿಯಲ್ಲಿ ತಾನೇ ಹೊತ್ತು ತರುತ್ತಿದ್ದನಂತೆ, ಯಾರಾದರೂ ಸಂಗೀತದ ಮೇಷ್ಟ್ರು ಎಂದುಕೊಂಡರೆ ನಾಚಿಕೆ ಇಲ್ಲ ಎನ್ನುತ್ತಿದ್ದನಂತೆ. ಆಸ್ತಿ ಒಲ್ಲೆನೆಂದವನ ಮನೆಗೆ ಆಸ್ತಿ ಪಡೆದವನ ಮಗ ಪಿಟೀಲು ಹಿಡಿದು ಬಂದು, ಇಬ್ಬರೂ ವೆಸ್ಲಿಗಳಾಗಿ ಕುಳಿತ ಆ ಕೋಣೆಯನ್ನು ನಾನು ಮತ್ತೆ ಮತ್ತೆ ಮನಸ್ಸಿಗೆ ತಂದುಕೊಳ್ಳುತ್ತೇನೆ. ಈ ಹೆಸರಿನ ಇಡೀ ಚರಿತ್ರೆಯಲ್ಲಿ ಕಾಗುಣಿತದ ಹಂಗಿಲ್ಲದ ಗಳಿಗೆ ಅದೊಂದೇ.

ಆ ಸಂಗೀತಗಾರ 1781ರಲ್ಲಿ ತೀರಿಕೊಂಡ. ಹಿರಿಯ ಮಗ ರಿಚರ್ಡ್‌ಗೆ ಬಿರುದು ಬಂತು, ಸಾಲವೂ ಬಂತು. ಈ ರಿಚರ್ಡ್‌ಗೆ ಕುಲದ ಹೆಮ್ಮೆ ಬಹಳ. ಸವೆದು ಸಣ್ಣದಾದ ವೆಸ್ಲಿ ಅವನಿಗೆ ಹಿಡಿಸಲಿಲ್ಲ. 1789ರ ಸುಮಾರಿಗೆ ಅವನು ಮಧ್ಯಯುಗದ ದಾಖಲೆಗಳಲ್ಲಿದ್ದ ಉದ್ದ ರೂಪವನ್ನು ಮತ್ತೆ ಎತ್ತಿಕೊಂಡು ವೆಲ್ಲೆಸ್ಲಿ ಎಂದು ಬರೆಯತೊಡಗಿದ. ಮೆಥಡಿಸ್ಟರ ಜೊತೆ ತಮ್ಮನ್ನು ಗುಂಪು ಹಾಕಬಾರದೆಂದು ಹೀಗೆ ಮಾಡಿದ ಎಂದು ಹೇಳುವವರಿದ್ದಾರೆ. ನನಗೆ ಅಷ್ಟು ದೂರ ಹೋಗುವ ಅಗತ್ಯ ಕಾಣುವುದಿಲ್ಲ. ಮುಂದೆ 1799ರಲ್ಲಿ ಮೈಸೂರನ್ನು ಗೆದ್ದ ಗೌರವಕ್ಕೆ ಅವನಿಗೆ ಮಾರ್ಕ್ವೆಸ್ ಪದವಿ ಕೊಟ್ಟರು. ಆದರೆ ಇಂಗ್ಲೆಂಡಿನ ಶ್ರೇಣಿಯಲ್ಲಲ್ಲ, ಐರ್ಲೆಂಡಿನ ಶ್ರೇಣಿಯಲ್ಲಿ. ಅವನು ಅದನ್ನು 'ಎರಡು ಸಲ ಚಿನ್ನದ ನೀರು ಹೊಯ್ದ ಆಲೂಗಡ್ಡೆ' ಎಂದು ಕರೆದು ಕುದಿದ. ಪದವಿಯಲ್ಲಿ ಒಂದು ಕೂದಲೆಳೆ ಕಡಿಮೆಯಾದರೆ ಹೀಗೆ ಕುದಿಯುವವನಿಗೆ ಹೆಸರಿನಲ್ಲಿ ನಾಲ್ಕು ನೂರು ವರ್ಷದ ಹಳಮೆ ಬೇಕೆನಿಸಿದ್ದರಲ್ಲಿ ಏನಾಶ್ಚರ್ಯ? ತಮಾಷೆ ಎಂದರೆ ಇಷ್ಟೆಲ್ಲ 'ಮೂಲ' ರೂಪಕ್ಕಾಗಿ ಹಟ ಹಿಡಿದವನ ಸ್ವಂತ ಅಜ್ಜ ಹುಟ್ಟಿನಿಂದ ಕಾಲಿ.

ತಮ್ಮ ಆರ್ಥರ್ ಇದಕ್ಕೆಲ್ಲ ಅವಸರ ಮಾಡಲಿಲ್ಲ. ಅಣ್ಣ ಹೆಸರು ಉದ್ದ ಮಾಡಿಕೊಂಡ ಮೇಲೂ ಸೈನ್ಯದಲ್ಲಿ ಅವನು ಆರ್ಥರ್ ವೆಸ್ಲಿಯೇ. ಐರಿಷ್ ಪಾರ್ಲಿಮೆಂಟಿನಲ್ಲಿ ಟ್ರಿಮ್ ಕ್ಷೇತ್ರದ ಸದಸ್ಯನಾಗಿದ್ದಾಗಲೂ ವೆಸ್ಲಿ. 1793ರಲ್ಲಿ ಸಿಪಾಯಿಗೆ ಇದು ತಕ್ಕದ್ದಲ್ಲವೆಂದು, ಅಪ್ಪನ ಬಳುವಳಿಯಾದ ಸಂಗೀತವನ್ನು ಬಿಟ್ಟು ಪಿಟೀಲುಗಳನ್ನು ಸುಟ್ಟುಹಾಕಿದ. ಹೆಸರನ್ನು ಮಾತ್ರ ಮುಟ್ಟಲಿಲ್ಲ. 1797ರ ಫೆಬ್ರವರಿಯಲ್ಲಿ 33ನೇ ರೆಜಿಮೆಂಟಿನ ಕರ್ನಲ್ ಆಗಿ ಕಲ್ಕತ್ತೆಗೆ ಬಂದಿಳಿದವನು ಕರ್ನಲ್ ವೆಸ್ಲಿ. ಮರುವರ್ಷ ಮೇ ತಿಂಗಳಲ್ಲಿ ಅಣ್ಣ ರಿಚರ್ಡ್ ಗವರ್ನರ್ ಜನರಲ್ ಆಗಿ ಅದೇ ಕಲ್ಕತ್ತೆಗೆ ಬಂದ. ಆ ಸುದ್ದಿ ತಿಳಿಸಲು ಆರ್ಥರ್ ಮದ್ರಾಸಿನ ಸೇನಾಪತಿ ಹ್ಯಾರಿಸ್‌ಗೆ ಒಂದು ಪತ್ರ ಬರೆದ. ಅದರ ಕೊನೆಯಲ್ಲಿ ಮೊದಲ ಸಲ ವೆಲ್ಲೆಸ್ಲಿ ಎಂದು ಸಹಿ ಮಾಡಿದ. ವಯಸ್ಸು 29. ಅಣ್ಣ ಅಣ್ಣನಾಗಿದ್ದಷ್ಟು ಕಾಲ ತಿದ್ದದ ಕಾಗುಣಿತ, ಅಣ್ಣ ಮೇಲಧಿಕಾರಿಯಾಗಿ ಬಂದ ಕೂಡಲೇ ತಿದ್ದಿತು. ಒಂದು ವರ್ಷ ತುಂಬುವ ಮೊದಲೇ, 1799ರ ಮೇ 4ರಂದು, ಅದೇ ಹ್ಯಾರಿಸ್‌ನ ಸೈನ್ಯ ಶ್ರೀರಂಗಪಟ್ಟಣದ ಕೋಟೆ ಹತ್ತಿತು. ಟಿಪ್ಪು ಸುಲ್ತಾನ ಬಿದ್ದ. ಆರ್ಥರ್ ಅಲ್ಲಿನ ಆಡಳಿತ ವಹಿಸಿಕೊಂಡ.

ಅಂದರೆ ಮೈಸೂರು ಸೀಮೆ ಅವನನ್ನು ವೆಲ್ಲೆಸ್ಲಿ ಎಂದೇ ಕಂಡಿತು, ಹೊಸ ಅಂಗಿಯಲ್ಲಿ ಬಂದ ನೆಂಟನ ಹಾಗೆ. ಅಂದಹಾಗೆ ಸೇತುವೆಗೆ ಇಟ್ಟ ಹೆಸರು ಆರ್ಥರ್‌ದಲ್ಲ, ಗವರ್ನರ್ ಜನರಲ್ ಆಗಿದ್ದ ರಿಚರ್ಡ್‌ದು. ಪ್ರವಾಸಿಗಳಿಗೆ ವಿವರಿಸುವವರು ಇಬ್ಬರನ್ನೂ ಆಗಾಗ ಕಲಸಿಬಿಡುತ್ತಾರೆ.

ಆ ಎರಡು ಎಲ್‌ಗಳ ಪ್ರಭಾವ ಅಲ್ಲಿಗೆ ಮುಗಿಯಲಿಲ್ಲ. 1809ರಲ್ಲಿ ಸ್ಪೇನಿನ ತಲವೆರಾ ಯುದ್ಧದ ನಂತರ ಆರ್ಥರ್‌ಗೆ ವೈಕೌಂಟ್ ಪದವಿ ಬಂತು. ಅವನು ಯುದ್ಧಭೂಮಿಯಲ್ಲಿದ್ದ, ಬಿರುದಿಗೆ ಊರಿನ ಹೆಸರು ಆರಿಸುವ ಕೆಲಸ ಲಂಡನ್ನಿನಲ್ಲಿದ್ದ ಇನ್ನೊಬ್ಬ ಅಣ್ಣ ವಿಲಿಯಂ ಪಾಲಿಗೆ ಬಂತು. ಅವನು ನಕ್ಷೆ ಹರಡಿಕೊಂಡು ಸಾಮರ್ಸೆಟ್‌ನಲ್ಲಿ ಹುಡುಕಿ, ಮನೆತನದ ಮೂಲವಾದ ವೆಲ್ಲೆಸ್ಲಿಯಿದ್ದ ಅದೇ ಸೀಮೆಯಲ್ಲಿ ವೆಲ್ಲಿಂಗ್ಟನ್ ಎಂಬ ಪಟ್ಟಣವನ್ನು ಕಂಡ. ಎರಡಕ್ಕೂ ಒಂದೇ ನಾದ. ಆರ್ಥರ್ ಆ ಹೊಸ ಹೆಸರಿನಲ್ಲಿ ಸೆಪ್ಟೆಂಬರ್ 16ರಂದು ಸಹಿ ಮಾಡಿ, ಈ ಹೆಸರು ಬರೆಯುತ್ತಿರುವುದು ಇದೇ ಮೊದಲು ಎಂದು ಪತ್ರದಲ್ಲೇ ಹೇಳಿಕೊಂಡ. ಹನ್ನೊಂದು ವರ್ಷಗಳಲ್ಲಿ ಇದು ಅವನ ಮೂರನೆಯ ಸಹಿ: ವೆಸ್ಲಿ, ವೆಲ್ಲೆಸ್ಲಿ, ವೆಲ್ಲಿಂಗ್ಟನ್. ಅಣ್ಣ ಆ ಎಲ್‌ಗಳನ್ನು ಸೇರಿಸದೆ ಹೋಗಿದ್ದರೆ ವಿಲಿಯಂನ ಬೆರಳು ನಕ್ಷೆಯ ಮೇಲೆ ಎಲ್ಲಿ ನಿಲ್ಲುತ್ತಿತ್ತೋ. ಕೂನೂರಿನ ಪಕ್ಕದ ದಂಡಿನ ಊರಿಗೂ ನ್ಯೂಜಿಲೆಂಡಿನ ರಾಜಧಾನಿಗೂ ಬೇರೇನೋ ಹೆಸರಿರುತ್ತಿತ್ತು.

ಈ ವಿಲಿಯಂನದೂ ಒಂದು ಕಥೆ. ಅವನು ಇನ್ನೊಂದು ಆಸ್ತಿಗಾಗಿ ವೆಲ್ಲೆಸ್ಲಿ-ಪೋಲ್ ಆಗಿದ್ದ. ಅವನ ಮಗ ಶ್ರೀಮಂತ ಹೆಣ್ಣನ್ನು ಮದುವೆಯಾಗಿ ಪೋಲ್-ಟಿಲ್ನಿ-ಲಾಂಗ್-ವೆಲ್ಲೆಸ್ಲಿ ಎಂಬ ರೈಲು ಬಂಡಿಯಂಥ ಹೆಸರು ಹೊತ್ತು, ಹೆಂಡತಿಯ ಸಂಪತ್ತನ್ನೆಲ್ಲ ಕರಗಿಸಿದ. ಹೆಸರು ಬೆಳೆಯಿತು, ಆಸ್ತಿ ಉಳಿಯಲಿಲ್ಲ.

ಈಗ ಹಳೆಯ ದಾಖಲೆಗಳಲ್ಲಿ ಹೆಸರು ಹುಡುಕುವವರಿಗೆ ಒಂದು ಮಾತು. ಕಾಗುಣಿತ ಬೇರೆಯಾದರೂ ಉಚ್ಚಾರ ಒಂದೇ ಇರುವ ಹೆಸರುಗಳನ್ನು ಒಟ್ಟಿಗೆ ಹಿಡಿಯಲು ಅಮೆರಿಕದಲ್ಲಿ ರಾಬರ್ಟ್ ರಸೆಲ್ ಎಂಬವರು 1918ರಲ್ಲಿ ಒಂದು ಪದ್ಧತಿಗೆ ಪೇಟೆಂಟ್ ಪಡೆದರು. ಸೌಂಡೆಕ್ಸ್ ಎಂದು ಹೆಸರು. ಮೊದಲ ಅಕ್ಷರ ಇಟ್ಟುಕೊಳ್ಳಿ, ಸ್ವರಗಳನ್ನು ಬಿಡಿ, ಉಳಿದ ವ್ಯಂಜನಗಳಿಗೆ ಅಂಕಿ ಕೊಡಿ. ಎಸ್‌ಗೆ 2, ಟಿಗೆ 3, ಎಲ್‌ಗೆ 4. ಜೋಡಿ ಅಕ್ಷರವನ್ನು ಒಂದೇ ಎಂದು ಎಣಿಸಿ. ಒಟ್ಟು ಮೂರು ಅಂಕಿ, ಸಾಲದಿದ್ದರೆ ಸೊನ್ನೆ. ಮಾಡಿ ನೋಡೋಣ. ವೆಸ್ಲಿ: ಡಬ್ಲ್ಯೂ, ಎಸ್‌ಗೆ 2, ಎಲ್‌ಗೆ 4, ಕೊನೆಗೆ ಸೊನ್ನೆ: ಡಬ್ಲ್ಯೂ 240. ವೆಸ್ಟ್ಲಿ: ಡಬ್ಲ್ಯೂ 234. ವೆಲ್ಲೆಸ್ಲಿ: ಡಬ್ಲ್ಯೂ 424. ಮೂರಕ್ಕೂ ಮೂರು ಬೇರೆ! ಒಂದೇ ಹೆಸರಿನ ರೂಪಗಳನ್ನು ಕೂಡಿಸಲೆಂದೇ ಹುಟ್ಟಿದ ಪದ್ಧತಿ ಇಲ್ಲಿ ಆರ್ಥರ್‌ನನ್ನು ಇಬ್ಬರನ್ನಾಗಿ ಮಾಡುತ್ತದೆ, ಸ್ಯಾಮ್ಯುಯೆಲ್‌ನನ್ನೂ ಇಬ್ಬರನ್ನಾಗಿ ಮಾಡುತ್ತದೆ. ಬಾಯಲ್ಲಿ ಟಿ ಇಲ್ಲವೆಂಬುದು ಅದಕ್ಕೆ ಗೊತ್ತಿಲ್ಲ. ಆದ್ದರಿಂದ ಹುಡುಕುವವರು ಹೆಸರನ್ನು ಜೋರಾಗಿ ಹೇಳಿಕೊಂಡು, ಅಕ್ಷರ ಮಾತ್ರ ಬಲ್ಲ ಗುಮಾಸ್ತನೊಬ್ಬ ಅದನ್ನು ಹೇಗೆಲ್ಲ ಬರೆದಾನು ಎಂದು ಕೈಯಲ್ಲೇ ಪಟ್ಟಿ ಮಾಡಿಕೊಳ್ಳುವುದು ಒಳ್ಳೆಯದು. 1837ರ ಜುಲೈಯಲ್ಲಿ ಇಂಗ್ಲೆಂಡಿನಲ್ಲಿ ಸರ್ಕಾರಿ ಜನನ ಮರಣ ನೋಂದಣಿ ಶುರುವಾದ ಮೇಲೂ ಈ ಕಷ್ಟ ಒಮ್ಮೆಗೇ ನಿಲ್ಲಲಿಲ್ಲ. ಓದುಬರಹ ಬಾರದವರು ಹೆಸರು ಹೇಳಿ ಅಡ್ಡಗೆರೆ ಎಳೆದು ಹೋಗುತ್ತಿದ್ದರು. ಇದನ್ನು ನಗುತ್ತಾ ಹೇಳುವ ಹಕ್ಕು ನನಗಿಲ್ಲ. ನನ್ನ ಹೆಸರು ಇಂಗ್ಲಿಷಿನಲ್ಲಿ ಶಾಲೆಯ ಪ್ರಮಾಣಪತ್ರದಲ್ಲಿ ಒಂದು ಎಚ್ ಇಲ್ಲದೆ ಇದೆ, ಗುರುತಿನ ಚೀಟಿಯಲ್ಲಿ ಎಚ್ ಇದೆ. ಆ ಒಂದು ಎಚ್‌ಗಾಗಿ ಕಚೇರಿಯೊಂದರ ಕಟ್ಟೆಯ ಮೇಲೆ ನಾನು ಮೂರು ಬೆಳಗು ಕಳೆದಿದ್ದೇನೆ. ಕನ್ನಡದಲ್ಲಿ ಎರಡು ಕಡೆಯೂ ಒಂದೇ ಹೆಸರು.

ಮಾತು ಮುಗಿದ ಮೇಲೆ ಸಭಿಕರೊಬ್ಬರು ಎದ್ದು ಕೇಳಿದರು: ಹಾಗಾದರೆ ಆ ಕಾಲಿ ಎಂಬ ಹೆಸರು ಏನಾಯಿತು, ಆಸ್ತಿಗಾಗಿ ಬಿಟ್ಟವರು ಮತ್ತೆ ಅದರ ಕಡೆ ತಿರುಗಿ ನೋಡಲೇ ಇಲ್ಲವೇ? ಅಂದಿನ ಪ್ರಶ್ನೆಗಳಲ್ಲಿ ಅತ್ಯುತ್ತಮವಾದದ್ದು ಅದು. ನೋಡಿದರು. ಆ ಐವರು ಅಣ್ಣತಮ್ಮಂದಿರಲ್ಲಿ ರಾಯಭಾರಿಯಾಗಿ ಹೆಸರು ಮಾಡಿದವನು ಹೆನ್ರಿ. 1828ರಲ್ಲಿ ಅವನಿಗೂ ಬ್ಯಾರನ್ ಪದವಿ ಬಂದಾಗ, ಅಜ್ಜ ನೂರು ವರ್ಷಗಳ ಹಿಂದೆ ಕಳಚಿಟ್ಟ ಹೆಸರನ್ನೇ ಬಿರುದಾಗಿ ಆರಿಸಿಕೊಂಡ. ಆದರೆ ಅಜ್ಜ ಬರೆಯುತ್ತಿದ್ದ ಎರಡು ಎಲ್‌ನ ಕಾಲಿ ಅಲ್ಲ. ಎಂಟನೇ ಹೆನ್ರಿಯ ಕಾಲದಲ್ಲಿ ಐರ್ಲೆಂಡಿನ ದೊಡ್ಡ ಹುದ್ದೆಯಲ್ಲಿದ್ದ ಪೂರ್ವಜ ರಾಬರ್ಟ್ ಬರೆಯುತ್ತಿದ್ದಂತೆ, ಒಂದು ಎಲ್ ತೆಗೆದು ಡಬ್ಲ್ಯೂ ಹಾಕಿ, ಸಾಮರ್ಸೆಟ್‌ನ ವೆಲ್ಲೆಸ್ಲಿಯ ಬ್ಯಾರನ್ ಕೌಲಿ.